ಗೋಡೆ ಹತ್ತದ ಹಲ್ಲಿ

ಅಕ್ಕಯ್ಯಮ್ಮನ ತಲೆಯ ಮೇಲೆ ಅದು ಬಿದ್ದದ್ದು ಶುಕ್ರವಾರ ಬೆಳಿಗ್ಗೆ. ಭಾನುವಾರ ಅವಳ ಮೊಮ್ಮಗಳು ಸ್ಪಂದನಳ ನಿಶ್ಚಿತಾರ್ಥ ಇತ್ತು.

ಅಕ್ಕಯ್ಯಮ್ಮನ ಮಗ ಕಾಂತರಾಜುವಿನ ನರ್ಸರಿ ಇರುವುದು ಉಲ್ಲಾಳ ಮುಖ್ಯರಸ್ತೆಯ ಮೇಲೆ. ಮುಂದೆ ಗಿಡಗಳು, ಹಿಂದೆ ಮನೆ. ಮನೆತನದ ರಾಗಿ ಹೊಲವೆಲ್ಲ ಸೈಟುಗಳಾಗಿ ಹೋದ ಮೇಲೆ ಉಳಿದ ತುಂಡು ಅದು. ಹಿಂದಿನ ಸಂಜೆ ಡಾರ್ಜಿಲಿಂಗ್ ಹತ್ತಿರದ ಕಲಿಂಪಾಂಗ್‌ನಿಂದ ಅಜೇಲಿಯಾ ಹೂಗಿಡಗಳ ಪೆಟ್ಟಿಗೆಗಳು ಬಂದಿದ್ದವು. ಬೇರಿಗೆ ಬೆಟ್ಟದ ಕಪ್ಪು ಮಣ್ಣು, ಅದರ ಸುತ್ತ ಒದ್ದೆ ಪಾಚಿ, ಮೇಲೆ ಗೋಣಿತಟ್ಟು. ಪಾಚಿಯನ್ನು ಬಿಸಾಡದೆ ಬಿಡಿಸಿ ಇಟ್ಟುಕೊಳ್ಳುವುದು ಅಕ್ಕಯ್ಯಮ್ಮನ ಕೆಲಸ. ಅವಳು ಮಣೆ ಹಾಕಿಕೊಂಡು ಕೂತಿದ್ದಳು. ಕೆಲಸದ ಯಲ್ಲಪ್ಪ ಮೇಲಿನ ಹಲಗೆಯಿಂದ ಒಂದು ಪೆಟ್ಟಿಗೆ ಎಳೆದ. ಪೆಟ್ಟಿಗೆಯ ಬುಡ ನೆನೆದು ಹರಿದಿತ್ತು. ಒಂದು ಹಿಡಿ ಪಾಚಿಯ ಜೊತೆ ತಣ್ಣಗಿನದೊಂದು ಅವಳ ಬೈತಲೆಯ ಮೇಲೆ ಬಿತ್ತು, ಭುಜಕ್ಕೆ ಜಾರಿತು, ಅಲ್ಲಿಂದ ನೀಲಿ ಟಬ್ಬಿಗೆ ಬಿತ್ತು.

"ಹಲ್ಲಿ!" ಎಂದು ಅಕ್ಕಯ್ಯಮ್ಮ ಕೂಗಿದ್ದು ರಸ್ತೆಯ ಆಚೆ ಬಸ್ಸಿಗೆ ನಿಂತವರಿಗೂ ಕೇಳಿತು.

ಯಲ್ಲಪ್ಪ ಟಬ್ಬಿಗೆ ಬಗ್ಗಿ ನೋಡಿದ. "ಹಲ್ಲಿ ಅಲ್ಲ ಬಿಡ್ರಿ ಅವ್ವಾರ. ಇದು ಉಡದ ಮರಿ. ನಮ್ ಕಡಿ ಭಾಳ ಅದಾವ."

"ಉಡ ನನ್ ತಲೆ ಮೇಲ್ಯಾಕೆ ಬೀಳುತ್ತೋ? ನನ್ ತಲೆ ಏನು ಕೋಟೆಗೋಡೆನಾ?"

ಒಳಗಿನಿಂದ ಸೊಸೆ ಕಲಾವತಿ ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತಂದಳು. ಅದರ ಬೆನ್ನಿಗೆ ಹಲ್ಲಿ ಬಿದ್ದ ಫಲದ ಪಟ್ಟಿ ಇತ್ತು, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಅವಳು ಬೆರಳಿಟ್ಟು ಓದಿದಳು. "ತಲೆ: ಮರಣಭಯ." ತಕ್ಷಣ ಬೆರಳನ್ನು ಕೆಳಕ್ಕೆ ಸರಿಸಿದಳು. "ಭುಜ: ಆಭರಣಪ್ರಾಪ್ತಿ."

"ನೋಡಮ್ಮ, ಭುಜದ ಮೇಲೂ ಬಿದ್ದಿದೆ. ಅದನ್ನೇ ತಗೋ," ಎಂದ ಕಾಂತರಾಜು.

"ಭುಜಕ್ಕೆ ಜಾರಿದ್ದು ಕಣೋ. ಬಿದ್ದಿದ್ದು ತಲೆ ಮೇಲೆ."

"ಮೂಡಲಪಾಳ್ಯದ ವೆಂಕಟಗಿರಿ ಹೋದ ವರ್ಷ ಕಂಚಿಗೆ ಹೋಗಿ ಚಿನ್ನದ ಹಲ್ಲಿ ಮುಟ್ಕೊಂಡು ಬಂದಿದಾನೆ. ಕರೆಸ್ತೀನಿ, ಅವನನ್ನ ಮುಟ್ಬಿಡು. ಸರಿಹೋಯ್ತಲ್ಲ?"

"ಕೈಮೇಲೋ ಕಾಲ್ಮೇಲೋ ಬಿದ್ದಿದ್ರೆ ವೆಂಕಟಗಿರೀನ ಮುಟ್ಟಬಹುದಿತ್ತು. ತಲೆಗೆ ನಾನೇ ಕಂಚಿಗೆ ಹೋಗಿ ಮುಟ್ಟಬೇಕು. ಮರಣಭಯ ಅಂತ ಗೊತ್ತಿದ್ದೂ ತಾಂಬೂಲ ಬದಲಾಯಿಸಿ, ಆಮೇಲೆ ಮನೆಗೆ ಸೂತಕ ಬಂದ್ರೆ ಆ ಹುಡುಗೀನ ಏನಂತಾರೆ? ಕಾಲ್ಗುಣ ಅಂತಾರೆ."

ಕಾಂತರಾಜು ಮಗಳ ಕಡೆ ತಿರುಗಿದ. ಸ್ಪಂದನ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದಳು.

"ನೀನು ಓದಿದ್ದು ಇದೇ ತಾನೆ? ಬಂದು ನೋಡು. ಹಲ್ಲಿ ಅಲ್ಲ ಅಂತ ಹೇಳು."

"ನೋಡಿ ಆಮೇಲೆ ಹೇಳು," ಎಂದಳು ಅಕ್ಕಯ್ಯಮ್ಮ. "ತಲೆ ನಂದು."

ಸ್ಪಂದನ ಬಾಯಿ ತೊಳೆದು ಬಂದು ಟಬ್ಬಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಕೊನೆಯ ಪರೀಕ್ಷೆ ಬರೆದು ಕೆಲವು ವಾರಗಳಾಗಿದ್ದವು. ಎಂ.ಎಸ್ಸಿ.ಗೆ ಅರ್ಜಿ ಹಾಕಬೇಕೆಂದಿದ್ದಳು. ಯೂನಿವರ್ಸಿಟಿ ಗೇಟು ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಇಷ್ಟರಲ್ಲಿ ಹೆಗ್ಗನಹಳ್ಳಿಯ ಸಂಬಂಧ ಬಂತು. ಹುಡುಗನ ಹೆಸರು ಮಧುಕುಮಾರ್. ಅವನ ಅಪ್ಪ ಹನುಮಂತಯ್ಯನವರಿಗೆ ಟೈಲ್ಸ್ ಮತ್ತು ಸ್ಯಾನಿಟರಿ ಸಾಮಾನಿನ ಅಂಗಡಿ. ಹುಡುಗ ಕೆಟ್ಟವನಾಗಿದ್ದರೆ ಸುಲಭವಿತ್ತು. ಅವನು ಕುಡಿಯುತ್ತಿರಲಿಲ್ಲ. ಫೋನಿನಲ್ಲಿ ಮರ್ಯಾದೆಯಿಂದ ಮಾತಾಡುತ್ತಿದ್ದ. "ಓದೋದಾದ್ರೆ ಓದ್ರಿ, ನಾನೇನ್ ಬೇಡ ಅನ್ನಲ್ಲ. ಆದ್ರೆ ಬೆಳಿಗ್ಗೆ ಹೊತ್ತು ಬಿಲ್ಲಿಂಗ್‌ಗೆ ನಮ್ಮವರು ಅಂತ ಒಬ್ರು ಕೂರಬೇಕು ನೋಡಿ," ಎಂದಿದ್ದ. ತರಗತಿಗಳು ನಡೆಯುವುದು ಬೆಳಿಗ್ಗೆ ಎಂದು ಅವನಿಗೆ ಹೊಳೆದಿರಲಿಲ್ಲ. ಮನೆಯಲ್ಲಿ ಸ್ಪಂದನ "ಈಗಲೇ ಬೇಡ" ಎಂದಿದ್ದಳು. ಎಲ್ಲ ಹುಡುಗಿಯರೂ ಮೊದಲು ಹಾಗೇ ಅನ್ನುತ್ತಾರೆ ಎಂದು ಅಮ್ಮ ಒಬ್ಬಟ್ಟಿಗೆ ಬೇಳೆ ತರಿಸಿದ್ದಳು.

ಟಬ್ಬಿನಲ್ಲಿದ್ದದ್ದು ಗೇಣುದ್ದ ಇತ್ತು. ಕಪ್ಪುಗಂದು ಬಣ್ಣ. ಬೆನ್ನಿನ ಎರಡೂ ಪಕ್ಕ ಮಣಿ ಪೋಣಿಸಿದ ಹಾಗೆ ಗಂಟುಗಳ ಸಾಲು. ಚಪ್ಪಟೆ ತಲೆ, ಅದರ ಅಂಚಿಗೆ ಏರಿ ಕಟ್ಟಿದಂತೆ ಉಬ್ಬು. ಮೈಮೇಲೆ ಹುರುಪೆ ಇರಲಿಲ್ಲ, ಬರೀ ಒದ್ದೆ ಚರ್ಮ. ಮುಂಗಾಲಿನ ಬೆರಳು ನಾಲ್ಕು, ಹಿಂಗಾಲಿನದು ಐದು. ಉಗುರು ಒಂದಕ್ಕೂ ಇಲ್ಲ. ಕಿವಿಯ ತೂತು ಇಲ್ಲ. ಅವಳು ನೋಡುತ್ತಿದ್ದಂತೆ ಅದು ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿತು. ಮನೆಯ ಹಲ್ಲಿಗೆ ರೆಪ್ಪೆಯೇ ಇರುವುದಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಒಂದು ಬಾಟಲಿ ಇತ್ತು. ಫಾರ್ಮಲಿನ್‌ನಲ್ಲಿ ಎಷ್ಟೋ ವರ್ಷದಿಂದ ಬೆಳ್ಳಗಾಗಿ ಹೋದ ಸಾಲಮ್ಯಾಂಡರ್. ಅದನ್ನು ನೋಡಿ ಎಲ್ಲರೂ ಚಿತ್ರ ಬರೆಯುತ್ತಿದ್ದರು, ಪ್ರಾಕ್ಟಿಕಲ್‌ನಲ್ಲಿ ಅಂಕ ತೆಗೆಯುತ್ತಿದ್ದರು. ಇಡೀ ದೇಶದಲ್ಲಿ ಇದು ಸಿಗುವುದು ಡಾರ್ಜಿಲಿಂಗ್, ಮಣಿಪುರದ ಆ ಮೂಲೆಯ ಬೆಟ್ಟಗಳಲ್ಲಿ ಮಾತ್ರ ಎಂದು ಪಾಠ ಮಾಡುವಾಗ ಲತಾ ಮೇಡಂ ಹೇಳಿದ್ದು ಅವಳಿಗೆ ನೆನಪಿತ್ತು. ಹಲ್ಲಿಗೆ ಹಾವು, ಮೊಸಳೆ ನೆಂಟರು. ಇದಕ್ಕೆ ಕಪ್ಪೆ ನೆಂಟ. ಬಾಟಲಿಯಲ್ಲಿ ಸತ್ತು ಬಿದ್ದದ್ದು ಇಲ್ಲಿ ಗಂಟಲ ಚರ್ಮ ಅಲ್ಲಾಡಿಸಿ ಉಸಿರಾಡುತ್ತಿತ್ತು.

"ಏನೇ ಅದು?" ಎಂದ ಅಪ್ಪ.

ಭಾನುವಾರ ತಪ್ಪಿದರೆ ಮುಂದೆ ಆಷಾಢ. ಶ್ರಾವಣದವರೆಗೆ ಮಾತಿಲ್ಲ. ಅಷ್ಟರಲ್ಲಿ ಸೀಟು ಸಿಕ್ಕಿರುತ್ತದೆ, ಫೀಸು ಕಟ್ಟಿಯಾಗಿರುತ್ತದೆ.

"ಹಲ್ಲೀನೇ," ಎಂದಳು ಸ್ಪಂದನ. "ಕಾಡುಹಲ್ಲಿ."

ಅಕ್ಕಯ್ಯಮ್ಮ ಸೆರಗಿನಿಂದ ತಲೆ ಒರೆಸಿಕೊಂಡಳು. ಕಾಂತರಾಜು ಮಗಳನ್ನು ಒಂದು ಕ್ಷಣ ನೋಡಿದ, ಫೋನು ತೆಗೆದುಕೊಂಡು ಕುಂಡಗಳ ಸಾಲಿನ ಆಚೆಗೆ ಹೋದ. ಅವನು ಹನುಮಂತಯ್ಯನವರ ಜೊತೆ ಬಗ್ಗಿ ಬಗ್ಗಿ ಮಾತಾಡುವುದು ಕೇಳುತ್ತಿತ್ತು. ವಾಪಸು ಬಂದಾಗ ಮುಖ ಸ್ವಲ್ಪ ಸಡಿಲಾಗಿತ್ತು.

"ಅವರ ಮನೇಲೂ ಹೆಂಗಸ್ರು ಇದನ್ನೆಲ್ಲ ನೋಡ್ತಾರಂತೆ. ಬೇಜಾರ್ ಮಾಡ್ಕೊಳ್ಳಲಿಲ್ಲ ಪಾಪ. ಜೋಯಿಸರನ್ನ ಒಂದ್ ಮಾತು ಕೇಳ್ತೀವಿ, ಶ್ರಾವಣಕ್ಕೆ ಇಟ್ಕೊಳ್ಳೋಣ ಅಂದ್ರು." ಆಮೇಲೆ ಯಲ್ಲಪ್ಪನಿಗೆ ಹೇಳಿದ, "ಅದನ್ನ ಆಚೆ ಬಿಡಯ್ಯ."

"ಕೊಲ್ಬೇಡ್ರೋ," ಎಂದಳು ಅಕ್ಕಯ್ಯಮ್ಮ. "ಗೋಡೆ ಮೇಲೆ ಬಿಡಿ. ಹಲ್ಲಿ ಜಾಗ ಅದು."

ಇಷ್ಟು ಸುಲಭವೇ ಅನಿಸಿತು ಸ್ಪಂದನಳಿಗೆ. ಅವಳು ಕಾಫಿ ಬಗ್ಗಿಸಿಕೊಂಡು ಕುಡಿಯಲು ಕೂತಳು. ಎರಡು ಗುಟುಕು ಕುಡಿದು ಎದ್ದಳು. ಮತ್ತೆ ಕೂತಳು. ಲೋಟದ ಅಂಚನ್ನು ಉಗುರಿನಿಂದ ಕೆರೆದಳು. ಕಿಟಕಿಯಿಂದ ಕಾಂಪೌಂಡ್ ಗೋಡೆ ಕಾಣುತ್ತಿತ್ತು. ಈ ಸಲ ಮಳೆ ಇನ್ನೂ ಹಿಡಿದಿರಲಿಲ್ಲ, ಬಿಸಿಲು ಬೆಳಿಗ್ಗೆಯೇ ಸಿಮೆಂಟನ್ನು ಸುಡುತ್ತಿತ್ತು. ಯಲ್ಲಪ್ಪ ಮಣ್ಣಿನ ಸಲಿಕೆಯ ಮೇಲೆ ಅದನ್ನು ಇಟ್ಟುಕೊಂಡು ಬಂದು ಗೋಡೆಗೆ ಒತ್ತಿ ಹಿಡಿದ. ಅದು ಹಿಡಿದುಕೊಳ್ಳಲಿಲ್ಲ. ಕೆಳಕ್ಕೆ ಬಿತ್ತು. ಮತ್ತೆ ಎತ್ತಿಟ್ಟ. ಮತ್ತೆ ಬಿತ್ತು.

"ಏ ಹತ್ತಲೇ," ಎಂದು ಯಲ್ಲಪ್ಪ ಬೈದ. ಗಿರಾಕಿ ಯಾರೋ ಕರೆದರು, ಬಿಟ್ಟು ಹೋದ.

ಅದು ಬಿದ್ದಲ್ಲೇ ಇತ್ತು. ಬಾಲ ಒಂದು ಸಲ ಅತ್ತ, ಒಂದು ಸಲ ಇತ್ತ ಹೋಯಿತು. ಒದ್ದೆ ಹೊಳಪು ಹೋಗಿ ಬೆನ್ನು ಬೂದುಬೂದಾಗುತ್ತಿತ್ತು. ಒಂದು ಇರುವೆ ಬಂದು ಕಾಲು ಮುಟ್ಟಿ ನೋಡಿ ಹೋಯಿತು. ಅದು ಇನ್ನಷ್ಟು ಇರುವೆಗಳನ್ನು ಕರೆತರುತ್ತದೆ.

ಸ್ಪಂದನ ಕಾಫಿ ಬಿಟ್ಟು ಓಡಿದಳು.

ಮೀನಿನ ಪಾರ್ಸಲ್ಲಿಗೆ ಬರುವಂಥ ಥರ್ಮೊಕೋಲ್ ಪೆಟ್ಟಿಗೆ ನರ್ಸರಿಯ ಮೂಲೆಯಲ್ಲಿತ್ತು. ಅದನ್ನು ತೊಳೆದು, ಬೋರ್‌ವೆಲ್ಲಿನ ನೀರು ಒಂದು ಅಂಗುಲ ಹಾಕಿ, ಪಾಚಿ ಹರಡಿ, ಅದರ ಮಧ್ಯೆ ಪ್ರಾಣಿಯನ್ನು ಬಿಟ್ಟು, ಪೆಟ್ಟಿಗೆ ಎತ್ತಿಕೊಂಡು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿದಳು. ಬರುವಾಗ ಫ್ರಿಜ್ಜಿನಿಂದ ತಂದಿದ್ದ ಐಸಾದ ನೀರಿನ ಬಾಟಲಿಯನ್ನು ಪೆಟ್ಟಿಗೆಯೊಳಗೆ ಒಂದು ಮೂಲೆಗೆ ಒರಗಿಸಿದಳು. ಫೋಟೋ ತೆಗೆದು ಲತಾ ಮೇಡಂಗೆ ಕಳಿಸಿದಳು. ಫೋನು ತಕ್ಷಣ ಬಂತು.

"ಇದು ಯಾರ ಹತ್ರ ಇದೆ? ಅಕ್ವೇರಿಯಂ ಅಂಗಡಿನಾ?"

"ನಮ್ ಬಚ್ಚಲಲ್ಲಿ ಮೇಡಂ."

"ತಮಾಷೆ ಮಾಡ್ತಿದೀಯಾ?"

"ಕಲಿಂಪಾಂಗ್ ಗಿಡದ ಪಾಚೀಲಿ ಬಂತು. ಸಾಲಮ್ಯಾಂಡರ್ ತಾನೆ?"

"ಸಾಲಮ್ಯಾಂಡರೇ. ತಲೆ ಅಂಚಿನ ಏರಿ, ಪಕ್ಕದ ಗಂಟು, ಎಲ್ಲ ಸರಿಹೋಗ್ತಿದೆ. ಮೊಸಳೆ ನ್ಯೂಟ್ ಅಂತೀವಲ್ಲ, ಆ ಸಾಲಮ್ಯಾಂಡರ್ ಜಾತಿ, ಹಿಮಾಲಯದ್ದು. ಸಾಕಿದ್ದಲ್ಲ ಇದು, ಕಾಡಿಂದ ನೇರ ಬಂದಿದೆ." ಮೇಡಂ ದನಿ ಏರುತ್ತಿತ್ತು. "ಸ್ಪಂದನ, ಅದಕ್ಕೆ ಬಿಸಿ ತಡೆಯಲ್ಲ. ನಲ್ಲಿ ನೀರು ಹಾಕ್ಬೇಡ, ಕ್ಲೋರಿನ್ ಇರುತ್ತೆ. ಮುಟ್ಟಿದ ಕೈ ಸೋಪ್ ಹಾಕಿ ತೊಳ್ಕೋ, ಚರ್ಮದಲ್ಲಿ ವಿಷ ಇರುತ್ತೆ. ಕಣ್ಣಿಗೆ ಗಿಣ್ಣಿಗೆ ತಾಗಿಸ್ಬೇಡ. ವನ್ಯಜೀವಿ ರಕ್ಷಣೆಯವರು ನಂಗೆ ಗೊತ್ತು, ಕಳಿಸ್ತೀನಿ. ಆದ್ರೆ ಅವರು ಎಲ್ಲಿ ಸಿಕ್ತು, ಹೇಗೆ ಬಂತು, ಎಲ್ಲ ಕೇಳ್ತಾರೆ. ಇದು ಕಾನೂನಿನಲ್ಲಿ ರಕ್ಷಣೆ ಇರೋ ಪ್ರಾಣಿ. ನಿಮ್ಮಪ್ಪ ಮಾತಾಡ್ಬೇಕಾಗುತ್ತೆ. ಹೇಳಿದೀಯಾ ಅವರಿಗೆ?"

"ಹೇಳ್ತೀನಿ."

"ಬೇಗ ಹೇಳಿ ನಂಗೆ ಮೆಸೇಜ್ ಮಾಡು."

ಅವಳು ಮೆಸೇಜ್ ಮಾಡಲಿಲ್ಲ. ಬಚ್ಚಲಿನ ಹಂಡೆಗೆ ಒರಗಿ ಕೂತಳು, ಎದ್ದಳು, ಬಾಟಲಿ ತಿರುಗಿಸಿದಳು. ಪಾಚಿ ಸರಿಸಿ ನೋಡಿದಳು. ಅದು ಗಂಟಲು ಅಲ್ಲಾಡಿಸುತ್ತಿತ್ತು, ಮೊದಲಿಗಿಂತ ನಿಧಾನವಾಗಿ. ಹೇಳದೆ ಕಳಿಸಬಹುದೇ? ರಸ್ತೆಯಲ್ಲಿ ಸಿಕ್ಕಿತೆಂದು? ಉಲ್ಲಾಳದ ರಸ್ತೆಯಲ್ಲಿ ಹಿಮಾಲಯದ್ದು ಹೇಗೆ ಸಿಗುತ್ತದೆ?

ಬಾಗಿಲು ಬಡಿದ ಸದ್ದಾಯಿತು. "ತೆಗಿಯೇ. ತಲೆಗೆ ಸ್ನಾನ ಮಾಡಬೇಕು ನಾನು."

ಸ್ಪಂದನ ತೆಗೆದಳು. ಅಕ್ಕಯ್ಯಮ್ಮ ಎಣ್ಣೆ ಬಟ್ಟಲು ಹಿಡಿದು ಒಳಗೆ ಬಂದು ಪೆಟ್ಟಿಗೆ ನೋಡಿದಳು. ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು.

"ಗೋಡೆ ಹತ್ತಲಿಲ್ಲವಂತೆ ಇದು. ಯಲ್ಲಪ್ಪ ಹೇಳ್ದ."

ಸ್ಪಂದನ ಪಾಚಿಯನ್ನು ಅದರ ಮೇಲೆ ಎಳೆದಳು.

"ನಂಗೂ ವಯಸ್ಸಾಯ್ತು. ಗೋಡೆ ಹತ್ತದ ಹಲ್ಲೀನ ಇದುವರೆಗೂ ನೋಡಿಲ್ಲ. ಏನೇ ಇದು?"

"ಕಪ್ಪೆ ಜಾತಿದು ಅಜ್ಜಿ. ಬಾಲ ಇರೋ ಕಪ್ಪೆ ಅಂದ್ಕೋ. ಬೆಟ್ಟದ ಮೇಲಿಂದು."

"ಹಾಗಿದ್ರೆ ನಂಗೆ ಮರಣಭಯ ಇಲ್ಲ."

"ಇಲ್ಲ."

"ಬೆಳಿಗ್ಗೆಯಿಂದ ಸಾಯ್ತೀನಿ ಅಂತ ಕೂತಿದ್ನಲ್ಲೇ ನಾನು." ಅಕ್ಕಯ್ಯಮ್ಮ ಬಚ್ಚಲ ಕಟ್ಟೆಯ ಮೇಲೆ ಕೂತಳು. ಅವಳ ಮುಖದಲ್ಲಿ ಸಿಟ್ಟು ನಿಧಾನವಾಗಿ ಬಂತು. "ಬೆಂಡೋಲೆ ಯಾರಿಗೆ, ಸರ ಯಾರಿಗೆ ಅಂತ ಲೆಕ್ಕ ಹಾಕ್ತಾ ಇದ್ದೆ. ಹುಡುಗ ಸರಿ ಇಲ್ವಾ?"

"ಸರಿ ಇದಾನೆ. ನಂಗೆ ಬೇಡ."

"ಇದನ್ನ ಬಾಯಿಬಿಟ್ಟು ಹೇಳೋಕಾಗ್ದೆ ಹಲ್ಲಿ ಕೈಲಿ ಹೇಳಿಸ್ತೀಯಾ? ಅದೂ ಹಲ್ಲಿ ಅಲ್ಲದ್ರ ಕೈಲಿ."

"ನೀನು ಅಪ್ಪಂಗೆ ಹೇಳಜ್ಜಿ."

"ಯಾಕೆ ಹೇಳ್ಲಿ? ನಂಗೆ ಆ ಸಂಬಂಧ ಇಷ್ಟ. ಸ್ವಂತ ಅಂಗಡಿ, ಒಬ್ಬನೇ ಮಗ." ಅವಳು ಕೈಯಲ್ಲಿ ಎಣ್ಣೆ ಬಗ್ಗಿಸಿಕೊಂಡಳು. "ಇದನ್ನ ತಗೊಂಡು ಆಚೆ ಹೋಗು. ಸ್ನಾನ ಮಾಡ್ತೀನಿ. ಹಲ್ಲಿ ಅಲ್ದಿದ್ರೂ ಪಾಚಿ ಬಿದ್ದಿದೆ ತಲೆ ಮೇಲೆ."

ಕಾಂತರಾಜು ಮುಂದುಗಡೆ ಒಬ್ಬ ಹೆಂಗಸಿಗೆ ಕರಿಬೇವಿನ ಸಸಿ ಮಾರುತ್ತಿದ್ದ. "ಮಜ್ಜಿಗೆ ಹಾಕಿ ಆಂಟಿ, ಚೆನ್ನಾಗಿ ಬರುತ್ತೆ," ಎನ್ನುತ್ತಿದ್ದ. ಸ್ಪಂದನ ಪೆಟ್ಟಿಗೆ ಹಿಡಿದು ಕಾದಳು. ಹೆಂಗಸು ಹೋದ ಕೂಡಲೇ ಹೇಳಿದಳು.

"ಅದು ಹಲ್ಲಿ ಅಲ್ಲಪ್ಪ."

ಕಾಂತರಾಜು ಕೈಗೆ ಅಂಟಿದ ಮಣ್ಣನ್ನು ಉಜ್ಜಿಕೊಂಡ. "ಗೊತ್ತು ಬಿಡು."

"ಗೊತ್ತಾ?"

"ಅದೇನು ಅಂತ ಗೊತ್ತಿಲ್ಲ. ನೀನು ಹೇಳಿದ್ದು ಸುಳ್ಳು ಅಂತ ಗೊತ್ತು. ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ?" ಅವನು ದನಿ ತಗ್ಗಿಸಿದ. "ನಿಂಗೂ ಟೈಮ್ ಬೇಕಿತ್ತು, ಸಿಕ್ತು. ಅವರಿಗೂ ಅವಮಾನ ಆಗಲಿಲ್ಲ. ಹಲ್ಲಿ ಅಂತಾನೇ ಇರ್ಲಿ."

"ಇದು ಕಾಡುಪ್ರಾಣಿ. ಕಾಪಾಡೋರನ್ನ ಕರೀಬೇಕು. ಎಲ್ಲಿಂದ ಬಂತು ಅಂತ ಹೇಳ್ಬೇಕು."

ಅವನ ಮುಖ ಬದಲಾಯಿತು. "ಕಾಡುಪ್ರಾಣಿ ಅಂದ್ರೆ? ಕೇಸಾ? ಗಿಡ ತರಿಸಿದ್ದು ನಾನು. ನನ್ನ ಹೆಸರು ಬರಲ್ವಾ?"

"ನಾವಾಗೇ ಕರೆದು ಕೊಟ್ರೆ ಯಾಕಪ್ಪ ಬರುತ್ತೆ? ಬಚ್ಚಿಟ್ರೆ ತಾನೆ ಬರೋದು."

"ನಿನ್ ಮೇಡಂ ಹೇಳಿದ್ರಾ ಹಾಗಂತ?"

"ಇಲ್ಲ. ನಾನು ಹೇಳ್ತಿದೀನಿ."

"ಕೆರೆಗೆ ಬಿಟ್ಟು ಬಾ. ಮುಗೀತು."

"ಕೆರೇಲಿ ಸಂಜೆಯೊಳಗೆ ಸಾಯುತ್ತೆ."

"ಸಾಯ್ಲಿ! ಒಂದು ಹುಳಕ್ಕೋಸ್ಕರ ಕೂಡಿಬಂದಿದ್ದನ್ನೆಲ್ಲ ಕೆಡಿಸ್ತೀಯಾ? ಅದು ಹಲ್ಲಿ ಅಲ್ಲ ಅಂತ ಊರಿಗೆಲ್ಲ ಗೊತ್ತಾದ್ರೆ ಹನುಮಂತಯ್ಯನವರು ಭಾನುವಾರಾನೇ ಬಂದು ಕೂರ್ತಾರೆ. ಆಗೇನ್ ಹೇಳ್ತೀಯಾ?"

ಪೆಟ್ಟಿಗೆಯೊಳಗೆ ಬಾಟಲಿಯ ಐಸು ಕರಗುತ್ತಾ ಬಂದಿತ್ತು. ಶ್ರಾವಣದವರೆಗೆ ಸುಮ್ಮನಿದ್ದರೆ ಸಾಕು. ಬರೀ ಸುಮ್ಮನಿರುವುದು. ಅಪ್ಪನೇ ಸಮಯ ಕೊಡುತ್ತಿದ್ದಾನೆ. ಅವಳು ಮುಚ್ಚಳ ತೆಗೆದಳು. ಅಪ್ಪನೂ ಇಣುಕಿದ. ಅದು ಪಾಚಿಯಿಂದ ಮೂತಿ ಹೊರಗಿಟ್ಟು ಕಣ್ಣು ಮುಚ್ಚಿತ್ತು. ಬದುಕಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಆಮೇಲೆ ಗಂಟಲ ಚರ್ಮ ಒಂದು ಸಲ ಅಲ್ಲಾಡಿತು.

ಸ್ಪಂದನ ಮುಚ್ಚಳ ಹಾಕಿ, ಅಪ್ಪನ ಎದುರಿಗೇ ಲತಾ ಮೇಡಂಗೆ ಫೋನು ಮಾಡಿ ನರ್ಸರಿಯ ಹೆಸರು, ರಸ್ತೆ, ಗಿಡ ಬಂದ ಊರು ಎಲ್ಲ ಹೇಳಿದಳು. ಕಾಂತರಾಜು ಫೋನು ಕಿತ್ತುಕೊಳ್ಳಲು ಕೈ ಚಾಚಿದ. ಅಷ್ಟರಲ್ಲಿ ಒಬ್ಬ ಗಿರಾಕಿ ಸ್ಕೂಟರ್ ನಿಲ್ಲಿಸಿ, "ಅಣ್ಣ, ದಾಸವಾಳ ಇದೆಯಾ?" ಎಂದ. ಅವನು ಕೈ ಹಿಂದಕ್ಕೆ ತೆಗೆದು, "ಯಾವ ಕಲರ್ ಬೇಕು ಸಾರ್?" ಎಂದ.

ಮಧ್ಯಾಹ್ನ ಲತಾ ಮೇಡಂ ಕಳಿಸಿದ ಇಬ್ಬರು ಬಂದರು, ಒಬ್ಬ ಗಡ್ಡದವನು, ಒಬ್ಬಳು ಹುಡುಗಿ. ಗಡ್ಡದವನು ಪೆಟ್ಟಿಗೆಯ ಪಕ್ಕ ಮೊಣಕಾಲೂರಿ ಕೂತು ನೋಡಿದ. ಆಮೇಲೆ ಉಳಿದ ಪೆಟ್ಟಿಗೆಗಳ ಪಾಚಿಯನ್ನೆಲ್ಲ ಬಿಚ್ಚಿ ನೋಡಿದರು. ಬೇರೆ ಸಿಗಲಿಲ್ಲ. ಕಾಂತರಾಜು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟ. ಯಲ್ಲಪ್ಪ ಪಕ್ಕದಲ್ಲಿ ನಿಂತು, "ಉಡದ ಮರಿ ಅಲ್ಲೇನ್ರಿ?" ಎಂದು ಮತ್ತೆ ಮತ್ತೆ ಕೇಳಿದ. ಅಕ್ಕಯ್ಯಮ್ಮ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದಳು, ಹಿಂದೆಯೇ ಕಲಾವತಿಯೂ.

"ಇದು ಬದುಕುತ್ತೇನಪ್ಪಾ?"

"ಹೇಳಕ್ಕಾಗಲ್ಲ ಅಜ್ಜಿ. ಸುಸ್ತಾಗಿದೆ. ನೋಡೋಣ."

"ಬೆಟ್ಟಕ್ಕೆ ವಾಪಸ್ ಕಳಿಸ್ತೀರಾ?"

"ಅದಕ್ಕೆ ಪರ್ಮಿಷನ್ ಬೇಕು. ಮೊದಲು ಬದುಕ್ಲಿ."

ಅವರು ಪೆಟ್ಟಿಗೆಯನ್ನು ಕಾರಿನ ಏಸಿ ಮುಂದೆ ಇಟ್ಟುಕೊಂಡು ಹೊರಟರು. ಕಾರು ಬಸ್ಸಿನ ಹಿಂದೆ ಸಿಕ್ಕಿಕೊಂಡು ನಿಂತಲ್ಲೇ ಬಹಳ ಹೊತ್ತು ನಿಂತಿತ್ತು. ಸ್ಪಂದನ ಅದು ಚಲಿಸುವವರೆಗೆ ಗೇಟಿನಲ್ಲಿ ನಿಂತಿದ್ದಳು. ಹಿಂದೆ ಅಪ್ಪನ ಫೋನು ಹೊಡೆದುಕೊಂಡಿತು.

"ನಮಸ್ಕಾರ ಹನುಮಂತಯ್ಯನವರೇ... ಜೋಯಿಸರು ಏನಂದ್ರು?... ಹೌದಾ... ಎಡಕ್ಕೆ ಜಾರ್ತಾ ಬಲಕ್ಕೆ ಜಾರ್ತಾ ಅಂತನಾ..." ಕಾಂತರಾಜು ಅಮ್ಮನ ಕಡೆ ನೋಡಿದ. ಅಕ್ಕಯ್ಯಮ್ಮ ಟವೆಲ್ ಬಿಚ್ಚಿ ಕೂದಲು ಜಾಡಿಸತೊಡಗಿದಳು. ಅವನು ಮಗಳ ಕಡೆ ನೋಡಿದ. ಎರಡು ಹೆಜ್ಜೆ ಬಂದು ಫೋನನ್ನು ಅವಳ ಮುಂದೆ ಹಿಡಿದ.

"ತಗೋ. ಏನ್ ಬಿತ್ತು, ಎಲ್ಲಿಗೆ ಜಾರ್ತು, ನೀನೇ ಹೇಳು."

ಅವಳು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡಳು.

"ಅಂಕಲ್, ನಾನು ಸ್ಪಂದನ. ಬೆಳಿಗ್ಗೆ ಅಜ್ಜಿ ತಲೆ ಮೇಲೆ ಬಿದ್ದಿದ್ದು ಹಲ್ಲಿ ಅಲ್ಲ. ನಾನು ಸುಳ್ಳು ಹೇಳ್ದೆ."

"ಅಯ್ಯೋ, ಒಳ್ಳೇದೇ ಆಯ್ತಲ್ಲಮ್ಮ!" ಹನುಮಂತಯ್ಯನವರ ದನಿಯಲ್ಲಿ ನಿಜವಾದ ಖುಷಿ ಇತ್ತು. ಹಿಂದೆ ಅಂಗಡಿಯಲ್ಲಿ ಯಾರೋ ಟೈಲ್ಸ್ ಕೊಯ್ಯುತ್ತಿದ್ದ ಕರ್ಕಶ ಸದ್ದು. "ಹಾಗಿದ್ರೆ ಭಾನುವಾರಾನೇ ಇಟ್ಕೊಂಬಿಡೋಣ. ಅಪ್ಪಂಗೆ ಕೊಡು."

"ಬೇಡ ಅಂಕಲ್."

"ಯಾಕಮ್ಮ? ಇನ್ನೇನಾದ್ರೂ ಬಿತ್ತಾ?"

"ಏನೂ ಬಿದ್ದಿಲ್ಲ. ಭಾನುವಾರಾನೂ ಬೇಡ, ಶ್ರಾವಣಕ್ಕೂ ಬೇಡ. ಮಧು ಅವರದ್ದೇನೂ ತಪ್ಪಿಲ್ಲ. ನಂಗೆ ಇಷ್ಟ ಇಲ್ಲ, ಅಷ್ಟೇ."

ಆ ಕಡೆ ಹನುಮಂತಯ್ಯನವರು ಯಾರಿಗೋ, "ಏಯ್, ನಿಲ್ಸೋ ಅದನ್ನ," ಎಂದರು. ಟೈಲ್ಸ್ ಕೊಯ್ಯುವ ಸದ್ದು ನಿಂತಿತು. "ಏನಂದೆಮ್ಮ? ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ ಸಲ ಹೇಳು."

ಅಪ್ಪ, ಅಮ್ಮ, ಅಜ್ಜಿ ಮೂವರೂ ಅವಳನ್ನೇ ನೋಡುತ್ತಿದ್ದರು. ಅವಳು ಇನ್ನೊಂದು ಸಲ ಹೇಳಿದಳು.